ಅರ್ಥವಾಗದವಳಂತೆ ನಡೆದೆ

ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೆಂಪು ಉಗುಳು ಬಿದ್ದಿತ್ತು. ವಾಚ್‌ಮನ್ ಶರಣಪ್ಪನವರ ತುಟಿಯೂ ಕೆಂಪು, ಕಣ್ಣೂ ಕೆಂಪು. ಪಾನ್ ತಿಂದು ಇಲ್ಲೇ ಉಗುಳುವುದೇ ಎಂದು ಹಿಂದಿಯಲ್ಲಿ ಗದರಿದೆ. ನೆಲ ಒರೆಸುತ್ತಿದ್ದ ಅವರ ಹೆಂಡತಿ ಗಂಡನಿಗೆ ಮೆಲ್ಲಗೆ ಹೇಳಿದರು: “ಮೂರು ದಿನದಿಂದ ಜ್ವರ, ಹಲ್ಲಿನ ಸಂದ್ಯಾಗಿಂದ ರಕ್ತ ಬರಾಕತ್ತೈತಿ ಅಂತ ಹೇಳ್ರಲ್ಲ. ನನಗ ಹಿಂದಿ ಬರಂಗಿಲ್ಲ.” ಶರಣಪ್ಪ ಗೋಡೆ ಹಿಡಿದು ತಲೆ ತಗ್ಗಿಸಿ ನಿಂತರು.

ನಾನು ಧಾರವಾಡದವಳು, ಎಲ್ಲ ಅರ್ಥವಾಗಿತ್ತು. ಸಲಿಗೆ ಬೆಳೆದೀತೆಂದು ಕನ್ನಡ ಬರುವುದನ್ನು ಆ ದಂಪತಿಯಿಂದ ಮುಚ್ಚಿಟ್ಟಿದ್ದೆ. ಅದು ಈಗ ಹೊರಬೀಳುವುದು ಬೇಡವೆಂದು ಸುಮ್ಮನೆ ಸಾಫ್ಟ್‌ವೇರ್ ಕಚೇರಿಯ ಕ್ಯಾಬ್ ಹತ್ತಿದೆ.

ಸಂಜೆಯ ಹೊತ್ತಿಗೆ ಶರಣಪ್ಪ ಆಸ್ಪತ್ರೆಯಲ್ಲಿದ್ದರು. ಇಲಿ ಜ್ವರವಂತೆ, ಇಲಿಯ ಮೂತ್ರ ಬೆರೆತ ನೀರಿನಿಂದ ತಗಲುವ ಬ್ಯಾಕ್ಟೀರಿಯಾ ಸೋಂಕು. ಎರಡು ವಾರದ ಹಿಂದೆ ನಮ್ಮ ಸ್ಕೂಟರ್‌ಗಳಿಗೆ ಜಾಗ ಮಾಡಲು ಅವರು ಬರಿಗಾಲಲ್ಲಿ ನಿಂತು ನೆಲಮಾಳಿಗೆಯ ಮಳೆನೀರು ಎತ್ತಿಹಾಕಿದ್ದರು. ಮರುದಿನ ಆಸ್ಪತ್ರೆಗೆ ಹೋಗಿ ಅವರ ಹೆಂಡತಿಯೊಂದಿಗೆ ಕನ್ನಡದಲ್ಲಿ ಮಾತಾಡಿದೆ.

“ನೀವು ಕನ್ನಡದವರೇನ್ರೀ? ಮತ್ತ ನಿನ್ನಿ...” ಎಂದವರು ಅಲ್ಲಿಗೇ ನಿಲ್ಲಿಸಿ, ಸರಿದು ನನಗೆ ಕೂರಲು ಜಾಗ ಕೊಟ್ಟರು.

ಶರಣಪ್ಪ ಗುಣವಾಗಿ ಬಂದಿದ್ದಾರೆ. ಅವರ ಹೆಂಡತಿ ಆ ಪ್ರಶ್ನೆಯನ್ನು ಇವತ್ತಿಗೂ ಪೂರ್ತಿ ಮಾಡಿಲ್ಲ.