ಕತ್ತರಿ ದಾಟಿಹೋದ ಕೊಂಡಿ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಪ್ರೋಟೀನಿನ ತುಣುಕುಗಳನ್ನು ತೂಗುವ ಕಪಾಟಿನೆತ್ತರದ ಯಂತ್ರ ಅವಳ ಸುಪರ್ದಿಯಲ್ಲಿತ್ತು. ಅದರ ಪಂಪು ಕೊಂಚ ಸ್ವರ ಬದಲಿಸಿದರೂ ಸಾಕು, ಪಕ್ಕದ ಕೋಣೆಯಿಂದಲೇ “ಯಾರದು ಅದನ್ನ ಕೆಣಕ್ತಿರೋದು?” ಎಂದು ಕೂಗುವಳು.

ಅವಳ ಅಮ್ಮ ದರ್ಜಿ. ಕೀಲುವಾತಕ್ಕೆ ಬೆರಳುಗಳು ಸೊಟ್ಟಗಾದರೂ ಹೊಲಿಗೆ ಬಿಟ್ಟವಳಲ್ಲ. ಸೂಜಿಗೆ ದಾರ ಪೋಣಿಸುವುದು ಮಾತ್ರ ಮಗಳ ಪಾಲಿಗೆ ಬಂದಿತ್ತು. ಆ ಕಾಯಿಲೆಯವರ ಕೀಲಿನ ನೀರಿನಲ್ಲಿ, ಪ್ರೋಟೀನು ಸರಪಣಿಯ ಆರ್ಜಿನೀನ್ ಎಂಬ ಕೊಂಡಿ ಅಲ್ಲಲ್ಲಿ ಸಿಟ್ರುಲಿನ್ ಆಗಿ ಬದಲಾಗಿರುತ್ತದೆ. ಎಲ್ಲೆಲ್ಲಿ ಎಂದು ಪತ್ತೆಹಚ್ಚುವುದೇ ತೂಕದಕ್ಕನ ಕೆಲಸ. ಬದಲಾದ ತುಣುಕಿನ ಭಾರ ಕೂದಲೆಳೆಯಷ್ಟು ಹೆಚ್ಚುತ್ತದೆ. ಆದರೆ ಮಾದರಿ ಬೆಚ್ಚಗೆ ಕೂತು ಅದರೊಳಗಿನ ಬೇರೊಂದು ಕೊಂಡಿ ಕೆಟ್ಟರೂ ಅಷ್ಟೇ ಭಾರ ಏರುತ್ತದೆ. ತೊಡಕು ಅಲ್ಲೇ.

ವರ್ಷಗಟ್ಟಲೆ ಬೇರೆಯವರ ಮಾದರಿ ತೂಗಿದವಳಿಗೆ ಈಗ ಸ್ವಂತದ್ದೊಂದು ಶೋಧ ಸಿಕ್ಕಿತ್ತು: ಸಿಟ್ರುಲಿನ್ ಇರುವ ಹೊಸ ತುಣುಕು, ಪರದೆಯಲ್ಲಿ ದೊಡ್ಡ ಗೆರೆಯಾಗಿ ಎದ್ದು ಕಾಣುವಂಥದ್ದು. ಆ ಮಧ್ಯಾಹ್ನ ಮುಖ್ಯಸ್ಥರು ಅದನ್ನು ವೈದ್ಯರ ಸಭೆಯ ಮುಂದಿಡುವವರಿದ್ದರು. ಅದನ್ನೇ ನೆಚ್ಚಿ ಹೊಸ ರಕ್ತಪರೀಕ್ಷೆ ಕಟ್ಟುವ ಯೋಚನೆಯಿತ್ತು. ಕೊನೆಯ ಸಲ ನೋಡೋಣವೆಂದು ಪರದೆಯ ಮುಂದೆ ಕೂತವಳು ಹುಬ್ಬು ಗಂಟಿಕ್ಕಿದಳು. ಸಿಟ್ರುಲಿನ್ ತುಣುಕಿನ ತುದಿಯಲ್ಲಿತ್ತು.

“ಅಲ್ಲಾ, ನೀನಿದ್ದಲ್ಲಿ ತುಂಡಾದದ್ದು ಹೇಗೆ?” ಎಂದು ಅದನ್ನೇ ಕೇಳಿದಳು.

ಸರಪಣಿ ಕತ್ತರಿಸಲು ಹಾಕುವ ಕಿಣ್ವ ಆರ್ಜಿನೀನ್ ಕಂಡಲ್ಲಿ ಕಚಕ್ಕೆನ್ನುತ್ತದೆ, ಸಿಟ್ರುಲಿನ್ ಕಂಡರೆ ಮುಟ್ಟದೆ ದಾಟಿಹೋಗುತ್ತದೆ. ಹಾಗಾದರೆ ತುದಿಯದ್ದು ಬದಲಾಗಿರಲೇ ಇಲ್ಲ. ಒಳಗಿನ ಕೊಂಡಿ ಕೆಟ್ಟಿತ್ತು, ಅಷ್ಟೆ.

“ಶುರುವಾಯ್ತು!” ಎಂದ ಪಕ್ಕದ ಮೇಜಿನ ಸಹೋದ್ಯೋಗಿ. “ಹಸಿರು ಟಿಕ್ ಬಿದ್ದಿದೆಯಲ್ಲ ಅಕ್ಕಾ, ಕಣ್ಮುಚ್ಕೊಂಡು ಕಳಿಸಿ.”

“ಟಿಕ್ ಹಾಕಿದ್ದು ತಂತ್ರಾಂಶ ಮಾರಾಯಾ. ತಲೆ ತಗ್ಗಿಸಬೇಕಾದೋಳು ನಾನು.”

ಕಿಣ್ವದ ಕತ್ತರಿ ದಾಟಿಹೋದ ಉದ್ದ ತುಣುಕುಗಳನ್ನಷ್ಟೇ ಆರಿಸಿ ಕೂತಳು. ಗೆರೆ ಚಿಕ್ಕದು, ಮಸುಕು ಎಂದು ತಾನೇ ಬದಿಗೆ ಸರಿಸಿದ್ದ ಒಂದು ತುಣುಕು ಅಲ್ಲಿತ್ತು. ಯಂತ್ರದಲ್ಲಿ ಅದನ್ನು ಒಡೆದಾಗ ನಲವತ್ತಮೂರು ಹೈಡ್ರೋಜನ್ ಪರಮಾಣುಗಳಷ್ಟು ತೂಕ ಕಳಚಿಬಿದ್ದಿತ್ತು. ಸಿಟ್ರುಲಿನ್ ಒಡೆದಾಗಷ್ಟೇ ಹೀಗೆ ಕಳಚುವುದು. ಬೇರೆ ರೋಗಿಗಳ ಮಾದರಿಗಳ ದಾಖಲೆಗಳನ್ನೂ ತೆರೆದು ನೋಡಿದಳು. ಅವುಗಳಲ್ಲೂ ಅದೇ ಜಾಗ, ಅದೇ ತೂಕ.

“ಸಭೆಗೆ ಹೊರಟು ನಿಂತಾಗ ಹೇಳ್ತೀಯಲ್ಲಮ್ಮಾ!” ಎಂದರು ಮುಖ್ಯಸ್ಥರು. “ಇದು ಕಣ್ಣಿಗೇ ಕಾಣಲ್ಲ.”

“ದೊಡ್ಡದನ್ನ ತೆಗೆದುಬಿಡಿ ಸರ್. ಈ ಚಿಕ್ಕದು ನಿಲ್ಲುತ್ತೆ. ಯಾರು ಏನೇ ಕೇಳಲಿ, ನಾನಿದೀನಿ.”

ಅವರು ಅವಳ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದರು. “ಹಾಗಾದ್ರೆ ನಡಿ, ನೀನೇ ಹೇಳು.”

ಅವಳು ಹೇಳಿದಳು. ವೈದ್ಯರು ಕೆದಕಿ ಕೆದಕಿ ಕೇಳಿದರು. ಅವಳು ಪ್ರತಿಯೊಂದಕ್ಕೂ ಪರದೆ ತೋರಿಸಿ ಉತ್ತರಿಸಿದಳು. ಪರೀಕ್ಷೆ ಕಟ್ಟಲು ಆ ಚಿಕ್ಕದನ್ನೇ ತೆಗೆದುಕೊಂಡರು.

ಸಂಜೆ ಅಮ್ಮ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದಳು. “ಒಪ್ಪಿದ್ರೇನೇ?”

“ಒಪ್ಪಿದ್ರು. ಆದ್ರೆ ದೊಡ್ಡದಲ್ಲ, ಎಳ್ಳಷ್ಟಿದ್ದದ್ದು. ದೊಡ್ಡದನ್ನ ನಾನೇ ಬಿಚ್ಚಿಹಾಕ್ದೆ.”

ಅಮ್ಮ ಈಗ ತಲೆಯೆತ್ತಿ, ಮಗಳನ್ನು ಮೇಲಿಂದ ಕೆಳಗೆ ನೋಡಿ, ಸೊಟ್ಟ ಬೆರಳುಗಳಲ್ಲಿ ಸೂಜಿ ಚಾಚಿದಳು.

“ಕಪ್ಪು ದಾರ ಹಾಕು. ಈ ರವಿಕೆ ತೋಳು ಸರಿ ಕೂತಿರಲಿಲ್ಲ, ನಾನೂ ಬಿಚ್ಚಿಹಾಕ್ದೆ.”