ಡಬ್ಬಿ ವಾಪಸು ಬರುವಾಗ

ನೀರಾವರಿ ಇಲಾಖೆಯಿಂದ ನಿವೃತ್ತರಾದ ಕೊಟ್ರಯ್ಯನವರು ಬೆಳಗಿನ ವಾಕಿಂಗ್ ಮುಗಿಸಿ ಬಂದರೆಂದರೆ ಹೊಸಪೇಟೆಯ ಆ ಬೀದಿಯ ಅರ್ಧ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಕಾಲುವೆ ದಂಡೆಯಲ್ಲಿ ಜನ ಕಳೆಯೆಂದು ತುಳಿಯುವುದೆಲ್ಲ ಅವರಿಗೆ ಔಷಧ. ಯಾರಾದರೂ ಕಣ್ಣುಜ್ಜಿಕೊಂಡರೆ ಸಾಕು, ಸ್ಟೀಲ್ ಡಬ್ಬಿಯ ತುಂಬ ಸೊಪ್ಪು ತಂದು ಹಾಜರ್. "ಹೊನಗೊನಿ ಐತ್ರಿ ಇದು, ಕಣ್ಣಿಗೆ ಭಾಳ ಚಲೋ. ಗೋಳಿಪಲ್ಯ ಮೊಣಕಾಲಿಗೆ. ಗುಳಿಗಿ ಬ್ಯಾಡ್ರಿ, ಬ್ಯಾಳಿ ಹಾಕಿ ಪಲ್ಯ ಮಾಡ್ರಿ!" "ಕವರ್‌ನ್ಯಾಗ ತರ್ರಿ ಅಯ್ಯನೋರ, ಡಬ್ಬಿ ಯಾಕ?" ಎಂದು ಎದುರುಮನೆಯ ಸುಮಂಗಲಾ ಕೇಳಿದರೆ, "ಸೊಪ್ಪು ಬಾಡತೈತ್ರಿ" ಎನ್ನುತ್ತಾರೆ. ನಿಜವೆಂದರೆ, ಹೆಂಡತಿ ಸಂಗಮ್ಮ ತೀರಿಕೊಂಡ ಮೇಲೆ ಅವರು ಸೊಪ್ಪಿನ ಪಲ್ಯ ಉಂಡೇ ಇಲ್ಲ. ಅವರಿಗೆ ಸೊಪ್ಪು ಗುರುತಿಸಲು ಬರುತ್ತದೆ, ಬೇಯಿಸಲು ಬರುವುದಿಲ್ಲ. ಕೊಟ್ಟ ಡಬ್ಬಿಯನ್ನು ಯಾರೂ ಖಾಲಿ ಮರಳಿಸುವುದಿಲ್ಲ, ಒಂದಿಷ್ಟು ಪಲ್ಯವಾದರೂ ಬಂದೀತು ಎಂಬುದೊಂದೇ ಅವರ ಆಸೆ. ಬೀದಿಯವರೂ ಆ ಪದ್ಧತಿ ತಪ್ಪಿಸುವುದಿಲ್ಲ: ತೊಳೆದ ಡಬ್ಬಿಗೆ ಒಂದು ಚಮಚ ಸಕ್ಕರೆ ಹಾಕಿ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಕೊಟ್ರಯ್ಯನವರು ಅದನ್ನು ಸಂಗಮ್ಮನ ಭರಣಿಗೆ ಸುರಿಯುತ್ತಾರೆ. ಆಮೇಲೆ, ಎದುರುಮನೆಯಲ್ಲಿ ಹೊನಗೊನೆಗೆ ಒಗ್ಗರಣೆ ಬೀಳುವ ಹೊತ್ತಿಗೆ ಕಿಟಕಿ ತೆರೆದಿಟ್ಟು, ಅಂಗಡಿಯಿಂದ ತಂದ ಒಣ ಕಟಕ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ಉಣ್ಣುತ್ತಾರೆ.