ಹುಳದ ಮನೆಯವನು

ಪರದೇಶದ ಈ ಸುಬಾಂಗ್ ಜಯಾದ ಕನ್ನಡಿಗರ ನಡುವೆ ನನ್ನನ್ನು ಹುಳದ ಮನೆಯವನು ಅಂತಲೇ ಕರೆಯುತ್ತಾರೆ. ಶಿಡ್ಲಘಟ್ಟದ ಕಡೆ ನಮ್ಮದು ರೇಷ್ಮೆ ಸಾಕುವ ಮನೆ. ಕಂಪ್ಯೂಟರ್ ಕೆಲಸಕ್ಕೆ ಬಂದು ಎಷ್ಟು ಕಾಲವಾದರೂ ಆ ಜಂಬ ನನ್ನಲ್ಲಿ ಉಳಿದಿತ್ತು. ನಿಲಾಯ್‌ನಲ್ಲಿ ಹಾಸ್ಟೆಲ್ ಸೇರಿ ಪ್ರಾಣಿಶಾಸ್ತ್ರ ಓದುವ ಮಗಳು ಈ ಸಲ ರಜೆಗೆ ಬರುವಾಗ ಬಲೆಯ ಪೆಟ್ಟಿಗೆಯಲ್ಲಿ ದಕ್ಷಿಣ ಅಮೆರಿಕದ ದೈತ್ಯ ರೇಷ್ಮೆ ಪತಂಗದ ಹುಳುಗಳನ್ನು ತಂದಳು. ಅವತ್ತೇ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಟೀ ಕುಡಿಯುತ್ತಾ ಗೆಳೆಯರ ಮುಂದೆ ಕೊಚ್ಚಿಕೊಂಡೆ: "ಹುಳ ಸಾಕೋದು ನಮ್ಮ ರಕ್ತದಲ್ಲೇ ಇದೆ ಕಣ್ರೋ."

ಕಾಲೇಜಿನ ಮೇಡಂ ಅವಳಿಗೆ ಕೊಟ್ಟ ಕೆಲಸ ಆ ಹುಳುಗಳ ಪ್ರಭೇದ ಯಾವುದೆಂದು ಕಂಡುಹಿಡಿಯುವುದು. ಹುಳುವನ್ನು ನೋಡಿ ಅದನ್ನು ಖಚಿತವಾಗಿ ಹೇಳಲಾಗದು. ಪತಂಗ ಹೊರಬಂದು ರೆಕ್ಕೆ ಬಿಚ್ಚಬೇಕು. ರೆಕ್ಕೆಯ ನಡುವೆ ಗಾಜಿನಂಥ ಕಿಟಕಿಗಳಿರುತ್ತವೆ, ಅವುಗಳ ಆಕಾರದಿಂದ ಗುರುತು. ಅಷ್ಟರವರೆಗೆ ಹುಳುಗಳನ್ನು ಬದುಕಿಸಿಕೊಳ್ಳಬೇಕಿತ್ತು. ಹಿತ್ತಲಿನ ಮರಗೆಣಸಿನ ಎಲೆಗಳನ್ನು ಅವು ಕರಕರ ತಿಂದು ಹೆಬ್ಬೆರಳಿಗಿಂತ ದಪ್ಪಗಾದವು. ಹಸಿರು ಮೈ, ಅಡ್ಡಕ್ಕೆ ಬಿಳಿ ಗೆರೆ. ನನಗಂತೂ ಮತ್ತೆ ಮನೆಗೆ ಹೋದಷ್ಟು ಖುಷಿ.

ಒಂದು ದಿನ ಅವಳು ಯಾವುದೋ ಮೀಟಿಂಗಿಗೆಂದು ಕ್ಯಾಂಪಸ್ಸಿಗೆ ಹೋದಳು. "ಅಪ್ಪ, ಜಸ್ಟ್ ವಾಚ್ ದೆಮ್, ಓಕೆ? ಏನಾದ್ರೂ ಆದ್ರೆ ಕಾಲ್ ಮೀ."

ಮಧ್ಯಾಹ್ನ ನೋಡಿದರೆ ದೊಡ್ಡ ಹುಳುವೊಂದು ಎಲೆ ಬಿಟ್ಟು ಪೆಟ್ಟಿಗೆಯ ಗೋಡೆ ಹತ್ತುತ್ತಿತ್ತು. ಬಣ್ಣ ಮಂಕಾಗಿತ್ತು. ಹಿಂದೆಯೇ ಕಂದು ನೀರಿನಂಥ ಹಿಕ್ಕೆ ಹಾಕಿತು. ನಮ್ಮ ಮನೆಯಲ್ಲಿ ಹುಳುವಿಗೆ ಭೇದಿ ಶುರುವಾಯಿತೆಂದರೆ ಸೋಂಕು ಹರಡಿ ಹುಳುಗಳ ತಟ್ಟೆಗೆ ತಟ್ಟೆಯೇ ಸತ್ತುಹೋಗುತ್ತದೆ. ಅಂಥ ಹುಳುವನ್ನು ಒಂದು ಕ್ಷಣವೂ ಇಟ್ಟುಕೊಳ್ಳುವುದಿಲ್ಲ, ಆರಿಸಿ ಸುಣ್ಣದ ನೀರಿಗೆ ಹಾಕುತ್ತೇವೆ. ಹೆಂಡತಿ ಎಲೆಅಡಿಕೆಗೆಂದು ತಮಿಳರ ಅಂಗಡಿಯಿಂದ ತಂದಿಟ್ಟಿದ್ದ ಸುಣ್ಣವನ್ನು ಬಕೆಟ್ಟಿನಲ್ಲಿ ಕಲಸಿದೆ, ಹುಳುವನ್ನು ಹಾಕಿದೆ. ಸಂಜೆಯೊಳಗೆ ಇನ್ನೊಂದು, ಮತ್ತೊಂದು. ಪುಟ್ಟದೊಂದು ಮಾತ್ರ ಇನ್ನೂ ತಿನ್ನುತ್ತಿತ್ತು, ಅದನ್ನು ಬೇರೆ ಡಬ್ಬಿಗೆ ಹಾಕಿ ಉಳಿಸಿದೆ. ಮಗಳಿಗೆ ಫೋನ್ ಮಾಡಿ, "ರೋಗ ಬಂದಿತ್ತಮ್ಮ, ಒಂದನ್ನಾದ್ರೂ ಉಳಿಸ್ಕೊಂಡೆ" ಎಂದೆ. ಶಭಾಷ್ ಅನ್ನುತ್ತಾಳೆಂದುಕೊಂಡಿದ್ದೆ.

ಅವಳು ಬಂದು ಬಕೆಟ್ಟನ್ನು ನೋಡಿದಳು. ಅಳಲಿಲ್ಲ.

"ಅಪ್ಪ, ದೇ ವರ್ ಗೋಯಿಂಗ್ ಟು ಸ್ಪಿನ್. ಗೂಡು ಕಟ್ಟೋಕೆ ಮುಂಚೆ ಹೊಟ್ಟೆ ಖಾಲಿ ಮಾಡ್ಕೊಳ್ತವೆ. ದಟ್ಸ್ ಆಲ್."

ನಮ್ಮ ಹುಳು ಹಣ್ಣಾದರೆ, ಅಂದರೆ ಗೂಡು ಕಟ್ಟಲು ಸಿದ್ಧವಾದರೆ, ಮೈ ತಿಳಿಯಾಗಿ ಹೊಳೆಯುತ್ತದೆ, ಇವುಗಳದು ಹಾಗೆ ಆಗಲಿಲ್ಲ ಎಂದು ವಾದಕ್ಕಿಳಿದೆ. ಅಡುಗೆಮನೆಯಿಂದ ಹೆಂಡತಿ, "ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ" ಎಂದಳು. ಮಗಳು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಬಕೆಟ್ಟನ್ನು ಎಲ್ಲಿ ಚೆಲ್ಲಬೇಕೆಂದೂ ತೋಚದೆ ಅದನ್ನು ಹಿಡಿದುಕೊಂಡೇ ನಿಂತಿದ್ದೆ.

ಅವಳ ಮೇಡಂಗೆ ನಾನೇ ಹೇಳುತ್ತೇನೆಂದೆ. "ನೋ ನೀಡ್, ಅಪ್ಪ. ನಾನ್ ಆಗ್ಲೇ ಹೇಳಿದೀನಿ." ನನ್ನ ವಿಷಯ ಏನೆಂದು ಹೇಳಿದಳೋ, ಕೇಳುವ ಧೈರ್ಯ ಬರಲಿಲ್ಲ.

ರಜೆ ಇನ್ನೂ ಉಳಿದಿದ್ದರೂ ಅವಳು ಆ ಪುಟ್ಟ ಹುಳುವನ್ನು ತೆಗೆದುಕೊಂಡು ಹಾಸ್ಟೆಲಿಗೆ ಹೊರಟಳು. ನಾನು ನೋಡಿಕೊಳ್ಳುತ್ತೇನೆ, ಮುಟ್ಟುವುದಿಲ್ಲ ಎಂದು ಮಗುವಿನ ಹಾಗೆ ಬೇಡಿಕೊಂಡೆ. "ನಿಮ್ಗೆ ಮೀಟಿಂಗ್ಸ್ ಇರುತ್ತಲ್ಲ ಅಪ್ಪ," ಎಂದಳು, ತುಂಬ ಮೃದುವಾಗಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕಾರಿನಲ್ಲಿ ಬಿಡಲು ಹೋದಾಗಲೂ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಈಗ ಮಾಮಕ್ ಅಂಗಡಿಗೆ ಹೋಗುವುದು ಕಡಿಮೆ ಮಾಡಿದ್ದೇನೆ. ಗೆಳೆಯರು "ನಿನ್ ಹುಳ ಏನಾಯ್ತು ಲಾ?" ಎಂದು ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಕೇಳುತ್ತಾರೆ.

ಹೋದ ವಾರ ಮಗಳಿಂದ ಫೋಟೊ ಬಂತು: ಕೆಂಗಂದು ರೆಕ್ಕೆ, ಅದರಲ್ಲಿ ತ್ರಿಕೋನದ ಕಿಟಕಿ, ಕಿಟಕಿಯಾಚೆ ಅವಳ ಬೆರಳು ಕಾಣುತ್ತಿತ್ತು. ಪ್ರಭೇದ ಗೊತ್ತಾಯಿತಂತೆ. ತಕ್ಷಣ ಫೋನ್ ಮಾಡಿದೆ. ಒಂದು ಸಲ ಬಂದು ನೋಡಲೇ, ಪತಂಗಕ್ಕೆ ತಿನ್ನಲು ಏನಾದರೂ ತರಲೇ ಎಂದು ಕೇಳಿದೆ.

"ಅದು ಏನೂ ತಿನ್ನಲ್ಲ ಅಪ್ಪ, ಈ ಪತಂಗಕ್ಕೆ ತಿನ್ನೋ ಬಾಯೇ ಇರಲ್ಲ," ಎಂದಳು. "ಇನ್ನು ಅದನ್ನ ಯಾರೂ ನೋಡ್ಕೋಬೇಕಾಗಿಲ್ಲ."